ಗಂಟಲಿನ ಆಣೆ

ಹೊಗೆಯ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ. ಹೊಗೆಯೊಳಗೆ ಅವಿತುಕೊಂಡ ಇನ್ನೊಂದು ಹೊಗೆಯನ್ನು ಹಿಡಿಯಬೇಕಾದರೆ ದೇವರು ಮೂಗನ್ನು ಬೇರೆ ಥರ ಮಾಡಿರಬೇಕು. ಅಂಥದ್ದೊಂದು ಮೂಗು ಆ ವಿಸ್ಕಿ ಕಾರ್ಖಾನೆಯಲ್ಲಿತ್ತು. ಅದರ ಒಡೆಯನನ್ನು ಎಲ್ಲರೂ ಮೂಗಣ್ಣ ಅಂತಲೇ ಕರೆದು ಕರೆದು, ಆಸ್ಪತ್ರೆಯಲ್ಲಿ ಯಾರಾದರೂ ನಿಜ ಹೆಸರು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿದ ವಿಸ್ಕಿಯನ್ನು ಮೂಸಿ, ನಾಲಿಗೆಯ ಮೇಲೆ ಹೊರಳಿಸಿ, ಉಗಿದು, ಇದು ಹೊರಡಲಿ, ಇದು ಬೇಡ ಅಂತ ಹೇಳುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ತೊಟ್ಟೂ ಗಂಟಲು ಇಳಿದಿರಲಿಲ್ಲ. ಅಪ್ಪ ಕುಡಿದು ಕುಡಿದೇ ಹೋಗಿದ್ದ. ತಮ್ಮನನ್ನು ಸಾಕಿ ಬೆಳೆಸಿದ ಅಕ್ಕ, ಅವನು ಈ ಕೆಲಸಕ್ಕೆ ಸೇರಿದ ದಿನ ದೇವರ ಮೇಲೆ ಆಣೆ ಮಾಡಿಸಿದ್ದಳು: "ಮೂಗು, ನಾಲಿಗೆ ಕೆಲಸಕ್ಕಿರಲಿ. ಗಂಟಲು ಮಾತ್ರ ನನಗೆ ಬಿಡು." ಅಂದಿನಿಂದ ಅವನು ಮನೆಗೆ ಬಂದರೆ ಅವಳದು ಒಂದೇ ಪ್ರಶ್ನೆ.

"ಗಂಟಲು?"

"ಒಣಗಿದೆ ಅಕ್ಕಾ."

ಆಗ ಅವಳು ಒಂದು ಲೋಟ ನೀರು ಕೊಡುತ್ತಿದ್ದಳು. ಆ ನೀರಿನ ಮುಂದೆ ಯಾವ ಪೀಪಾಯಿಯೂ ನಿಲ್ಲದು ಅಂತ ಅವನ ನಂಬಿಕೆ.

ಗಂಡನಿಗೇಕೆ ಆಣೆ ಹಾಕಿಸಲಿಲ್ಲ ಅಂತ ಯಾರಾದರೂ ಕೇಳಿದರೆ, "ಮುರಿಯೋ ಕಡೆ ಹಾಕಿಸಿ ಏನು ಮಾಡ್ಲಿ?" ಅನ್ನುವಳು. ಆ ಗಂಡ, ಅಂದರೆ ಮೂಗಣ್ಣನ ಭಾವ, ಅದೇ ಕಾರ್ಖಾನೆಯ ಹೊಗೆಗೂಡು ನೋಡಿಕೊಳ್ಳುವವನು. ಜೌಗು ನೆಲದಿಂದ ಅಗೆದು ಒಣಗಿಸಿದ ಕಪ್ಪು ಹೆಂಟೆಗೆ ಪೀಟ್ ಅನ್ನುತ್ತಾರೆ. ಅದನ್ನು ಉರಿಸಿ ಮೊಳಕೆ ಬಂದ ಬಾರ್ಲಿಗೆ ಹೊಗೆ ಹಿಡಿಸುವುದರಲ್ಲಿ ಅವನ ಕೈ ಪಳಗಿತ್ತು.

ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೂಗಣ್ಣನ ಮೇಜಿನ ಮೇಲೆ ಇದ್ದದ್ದು ಭಾವ ತಾನೊಬ್ಬನೇ ನಿಂತು ಹೊಗೆ ಹಾಕಿದ ಮೊದಲ ಬಾರ್ಲಿಯ ವಿಸ್ಕಿ. ಏಳು ಪೀಪಾಯಿ, ಹನ್ನೆರಡು ವರ್ಷ. ಸುಣ್ಣ ಬಳಿದ ಕೋಣೆ, ಒಂದು ಕಿಟಕಿ, ನೀರಿನ ಹೂಜಿ, ಉಗಿಯಲು ಬಕೆಟ್ಟು, ಒಪ್ಪಿಗೆಯ ಸಹಿಗೆ ಕಾದ ಕಾಗದ.

ಕಾರ್ಖಾನೆಯ ಯಜಮಾನಿ ಬಾಗಿಲಲ್ಲಿ ಬಗ್ಗಿ ನೋಡಿದಳು. "ಮೂಗಣ್ಣ, ಹನ್ನೆರಡಕ್ಕೆ ಕೊಳ್ಳೋರು ಬರ್ತಾರೆ. ಸಹಿ ಆಯ್ತಾ?"

"ಇನ್ನೊಂದು ಸಲ ನೋಡ್ತೀನಿ ಅಮ್ಮಾ."

"ಒಂಬತ್ತರಿಂದ ಅದನ್ನೇ ಹೇಳ್ತಿದ್ದೀರಿ. ಕೆಟ್ಟಿದ್ರೆ ಕೆಟ್ಟಿದೆ ಅನ್ನಿ. ಬಾರ್ಲಿ ಕೆಡಿಸಿದವರಿಗೆ ನನ್ನ ಗೇಟಿನೊಳಗೆ ಜಾಗ ಇಲ್ಲ, ಅದು ನಿಮಗೂ ಗೊತ್ತು." ಹೇಳಿ ಹೊರಟಳು. ಅವಳು ಹೊರಟ ಮೇಲೆ ಬಾಗಿಲ ಸಂದಿಯಲ್ಲಿ ಭಾವ ಕಾಣಿಸಿಕೊಂಡ. ತಲೆಯ ಮೇಲಿರಬೇಕಾದ ಟೋಪಿ ಕೈಯಲ್ಲಿತ್ತು.

"ಏನಂತಾಳೆ ನನ್ನ ಚೊಚ್ಚಲ ಮಗಳು?"

ಮೂಗಣ್ಣ ಗ್ಲಾಸು ಎತ್ತಿದ. ಮೊದಲು ಟಿಂಚರಿನ ವಾಸನೆ. ಅದರ ಹಿಂದೆ ಸುಟ್ಟ ಹಗ್ಗ. ಅದರ ಹಿಂದೆ, ಸಮುದ್ರದ ದಂಡೆಯಲ್ಲಿ ಯಾರೋ ಬೆಂಕಿ ಹಾಕಿ ಆರಿಸಿ ಎದ್ದುಹೋದ ಹಾಗೆ ಒದ್ದೆ ಬೂದಿ. ಎರಡು ಹನಿ ನೀರು ಬಿಟ್ಟಾಗ ನೆಲದ ಸಿಹಿ ಮೇಲೆ ಬಂತು. ಎಲ್ಲ ಸೊಗಸೇ. ಆದರೆ ಎಲ್ಲದರ ಬೆನ್ನಿಗೆ ಏನೋ ಒಂದು ಇತ್ತು. ನಾಲಿಗೆಯ ಬುಡದವರೆಗೆ ಬರುತ್ತಿತ್ತು, ಗಂಟಲಿನ ಹೊಸ್ತಿಲಲ್ಲಿ ನಿಲ್ಲುತ್ತಿತ್ತು, ಒಳಗೆ ಕರೆದರೆ ಹೆಸರು ಹೇಳುತ್ತೇನೆ ಅನ್ನುತ್ತಿತ್ತು. ಉಗಿದ ಕೂಡಲೇ ಮಾಯ.

"ಭಾವ, ಇದು ಗಂಟಲಲ್ಲಿ ಮಾತ್ರ ಸಿಗೋದು."

"ಹಾಗಾದ್ರೆ ಸಿಗಲ್ಲ ಬಿಡು. ಸಹಿ ಹಾಕು."

"ಸಿಗದೇ ಹೇಗೆ ಹಾಕಲಿ?"

"ಹಾಕಬೇಡ. ಇದು ಬೇಡ ಅಂತ ಬರಿ."

"ಸುಮ್ಮನೆ ಬೇಡ ಅಂತ ಬರೆದರೆ ನೀವು ನಾಳೆ ಗೇಟಿನ ಹೊರಗೆ. ಚೆನ್ನಾಗಿರೋದನ್ನ ಕೆಟ್ಟಿದೆ ಅಂದ ಪಾಪ ನನಗೆ." ಗೋಡೆಯ ಗಡಿಯಾರ ಹನ್ನೊಂದೂಮುಕ್ಕಾಲು ದಾಟಿತ್ತು. "ಒಂದು ಗುಟುಕು. ದೇವರು ಕ್ಷಮಿಸ್ತಾನೆ."

"ದೇವರು ಕ್ಷಮಿಸ್ತಾನೋ ಏನೋ. ನಿನ್ನಕ್ಕ?"

ಮೂಗಣ್ಣನಿಗೆ ನಗು ಬರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಅವಳು ಕೇಳುವ ಆ ಒಂದೇ ಮಾತಿಗೆ ಏನು ಹೇಳಲಿ ಅಂತ ಹುಡುಕಿದ. ಮನಸ್ಸಿನಲ್ಲೇ ಕೈಮುಗಿದ. ವಿಸ್ಕಿಯನ್ನು ಬಾಯಿಗೆ ಹೊಯ್ದುಕೊಂಡ. ನಾಲಿಗೆ ಉರಿಯಿತು. ಬಕೆಟ್ಟಿನ ಕಡೆ ಬಾಗಬೇಕಾದ ಕತ್ತು ಮೊದಲ ಸಲ ನೆಟ್ಟಗೆ ನಿಂತಿತ್ತು. ಕಣ್ಣು ಮುಚ್ಚಿದ.

"ಉಗಿ!"

ಹೊಗೆಗೂಡಿನಲ್ಲಿ ಕೂಗಿ ಕೂಗಿ ಒಡೆದ ಭಾವನ ಗಂಟಲು ಅದು; ಕಿಟಕಿ ಗಾಜು ನಡುಗಿತು. ಮೂಗಣ್ಣ ಬೆಚ್ಚಿ ಎಲ್ಲವನ್ನೂ ಬಕೆಟ್ಟಿಗೆ ಉಗಿದ. ಭಾವ ಒಳಗೆ ಬಂದು ಗ್ಲಾಸು ಕಿತ್ತುಕೊಂಡ.

"ಗಂಟಲು ತಾನೇ ಬೇಕಾದ್ದು? ನನ್ನದಿದೆ. ಇದನ್ನ ನಿನ್ನಕ್ಕ ಯಾವತ್ತೋ ಕೈಬಿಟ್ಟಿದ್ದಾಳೆ."

ಉಳಿದದ್ದನ್ನು ಒಂದೇ ಗುಟುಕಿಗೆ ನುಂಗಿದ. ಆಮೇಲೆ ಅಲ್ಲಾಡದೆ ನಿಂತ.

ಮೂಗಣ್ಣ ಆ ಮುಖವನ್ನೇ ನೋಡುತ್ತ ನಿಂತ. ಅಪರಾಧಿಯ ಕೈಗೇ ತಕ್ಕಡಿ ಕೊಟ್ಟ ಹಾಗಾಗಿತ್ತು. ಚೆನ್ನಾಗಿದೆ ಅಂತ ಭಾವ ಅಂದರೆ ಮುಗಿಯಿತು. ಅಲ್ಲ ಅನ್ನುವವರು ಯಾರೂ ಇರಲಿಲ್ಲ. ಮೂಗಣ್ಣನೂ ನಂಬುತ್ತಿದ್ದ, ನಂಬಲು ಅವನ ಜೀವ ಹಾತೊರೆಯುತ್ತಿತ್ತು. ಒಂದು ಉಸಿರು. ಎರಡು. ಹೊರಗೆ ಗೇಟು ತೆರೆದ ಸದ್ದು, ಜಲ್ಲಿಯ ಮೇಲೆ ಕಾರಿನ ಚಕ್ರ. ಭಾವನ ಗಂಟಲಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಕಣ್ಣು ತುಂಬಿತು, ಅದು ವಿಸ್ಕಿಯ ಖಾರಕ್ಕೂ ಇರಬಹುದು.

"ಇದೆ," ಅಂದ.

"ಏನಿದೆ?"

"ಸೀಮೆಎಣ್ಣೆ."

ಕುರ್ಚಿ ಎಳೆದು ಕೂತ. "ಆ ದಿನ ಪೀಟ್ ಒದ್ದೆಯಾಗಿತ್ತು. ಹೊತ್ತಲೇ ಇಲ್ಲ. ಮೊದಲನೇ ದಿನವೇ ಸೋತೆ ಅನ್ನಿಸ್ಕೋಬಾರದು ಅಂತ ಅರ್ಧ ಡಬ್ಬ ಸುರಿದೆ. ಭಗ್ ಅಂತ ಹತ್ತಿಕೊಳ್ತು. ಇಷ್ಟೊಂದು ಹೊಗೆಯಲ್ಲಿ ಅದೆಲ್ಲಿ ಕಾಣುತ್ತೆ ಅಂದ್ಕೊಂಡೆ. ಹೊಸದರಲ್ಲಿ ಕಾಣಲೂ ಇಲ್ಲ. ವರ್ಷ ಕಳೆದ ಹಾಗೆ ಹೊಗೆ ತಣ್ಣಗಾಗುತ್ತೆ, ಅಲ್ವಾ? ಅದು ಮಾತ್ರ ಹಾಗೇ ಕೂತಿದೆ."

"ಇಲ್ಲ ಅಂದಿದ್ರೆ ನಾನು ನಂಬ್ತಿದ್ದೆ ಭಾವ."

"ಅದಕ್ಕೇ ಹೇಳೋಕಾಗ್ಲಿಲ್ಲ. ನನಗೋಸ್ಕರ ನೀನು ಹತ್ತೊಂಬತ್ತು ವರ್ಷದ ಆಣೆ ನುಂಗೋಕೆ ಹೊರಟಿದ್ದೆ." ಮೇಜಿನ ಮೇಲಿದ್ದ ಕಾಗದವನ್ನು ಅವನ ಮುಂದೆ ಸರಿಸಿದ. "ಬರಿ. ಕಾರಣ ಸರಿಯಾಗಿ ಬರಿ. ಪೀಟಿನ ಮೇಲೆ ಹಾಕಬೇಡ, ಅದು ಪಾಪ, ಮಣ್ಣು."

ಮೂಗಣ್ಣ ಬೇಡ ಅಂತ ಬರೆದು, ಕಾರಣದ ಮುಂದೆ ಸೀಮೆಎಣ್ಣೆ ಅಂತ ಸೇರಿಸಿದ. ಭಾವ ಟೋಪಿ ಹಾಕಿಕೊಂಡು, ಕಾಗದವನ್ನು ತಾನೇ ಹಿಡಿದು ಯಜಮಾನಿಯ ಕೋಣೆಗೆ ನಡೆದ. ಹೊರಗೆ ಬಂದಾಗ ಅವನ ಕೈಯಲ್ಲಿ ಊಟದ ಡಬ್ಬಿಯೂ ಗೂಡಿನ ಅಂಗಿಯೂ ಇದ್ದವು. ಸೊಂಟದಲ್ಲಿ ಸದಾ ಇರುತ್ತಿದ್ದ ಗೂಡಿನ ಬೀಗದಕೈ ಇರಲಿಲ್ಲ.

ಮಧ್ಯಾಹ್ನವೇ ಇಬ್ಬರೂ ಒಟ್ಟಿಗೆ ಬಂದದ್ದನ್ನು ಕಂಡು ಅಕ್ಕ ಬಾಗಿಲಿಗೆ ಬಂದಳು. ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು, ಅಂಗಿಯ ಗಂಟನ್ನು ನೋಡಿದಳು. ಆದರೂ ಬಾಯಿಂದ ಬಂದದ್ದು ರೂಢಿಯ ಮಾತೇ.

"ಗಂಟಲು?"

"ಒಣಗಿದೆ ಅಕ್ಕಾ," ಅಂದ ಮೂಗಣ್ಣ.

"ನನ್ನದು ಸುಟ್ಟಿದೆ," ಅಂದ ಭಾವ. "ಕೂತು ಹೇಳ್ತೀನಿ."

ಅವಳು ಒಳಗೆ ಹೋಗಿ ನೀರು ತಂದಳು. ಎರಡು ಲೋಟ.