ಡಾಕ್ಟರಬಾಯಿಯ ಡುಕ್ಕರ್ ಗಾಡಿ

ವಿಲೆ ಪಾರ್ಲೆಯ ಡಾಕ್ಟರ್ ವಿನೋದಿನಿಬಾಯಿಯವರ ಕಾರನ್ನು ಚಾಲೂ ಮಾಡುವುದು ಇಡೀ ಮುಂಬಯಿಯಲ್ಲಿ ಒಬ್ಬನಿಗೆ ಮಾತ್ರ ಬರುತ್ತಿತ್ತು. ಅವನು ಅವರ ಡ್ರೈವರ್ ಚಂದ್ರಾಮ, ಸಿಂದಗಿ ಕಡೆಯವನು. ಕಾರು ಹದಿನೇಳು ವರ್ಷದ ಹಳೆಯ ಫಿಯೆಟ್. ಮೂತಿ ಉಬ್ಬಿಕೊಂಡಿದ್ದರಿಂದ ಆ ನಮೂನೆಯ ಗಾಡಿಯನ್ನು ಊರವರೆಲ್ಲ ಡುಕ್ಕರ್, ಅಂದರೆ ಹಂದಿ, ಎಂದೇ ಕರೆಯುತ್ತಿದ್ದರು. ಅದಕ್ಕೆ ಚೋಕ್ ಅರ್ಧ ಎಳೆಯಬೇಕು, ಆಕ್ಸಿಲರೇಟರ್ ಮೂರು ಸಲ ತುಳಿಯಬೇಕು, ಮನಸ್ಸಿನಲ್ಲೇ ಹನ್ನೊಂದರ ತನಕ ಎಣಿಸಬೇಕು, ಆಮೇಲೆ ಸ್ಟಾರ್ಟ್ ಮಾಡಬೇಕು. ಹತ್ತಕ್ಕೇ ಆತುರಪಟ್ಟರೆ ಗಾಡಿ ಕೆಮ್ಮಿ ಸುಮ್ಮನಾಗುತ್ತಿತ್ತು. ಹನ್ನೆರಡಾಯಿತೋ, ಪೆಟ್ರೋಲಿನ ವಾಸನೆ ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

ಈ ಹನ್ನೊಂದರ ಲೆಕ್ಕವನ್ನು ಚಂದ್ರಾಮ ಯಾರಿಗೂ ಬಿಟ್ಟುಕೊಟ್ಟವನಲ್ಲ. ಸ್ವತಃ ಬಾಯಿ ಕೇಳಿದಾಗಲೂ "ಅದು ಕೈಗುಣರಿ ಬಾಯಾರ" ಎಂದು ನುಣುಚಿಕೊಂಡಿದ್ದ. ಬಾಯಿಯವರ ಹತ್ತಿರ ಲೈಸೆನ್ಸ್ ಇತ್ತು, ಆದರೆ ಗಾಡಿ ಅವರ ಕೈಗೆ ಒಂದು ದಿನವೂ ದಕ್ಕಿರಲಿಲ್ಲ. ಹತ್ತು ವರ್ಷದಿಂದ ಚಂದ್ರಾಮ ಆ ಮನೆಯಲ್ಲಿ ಮೀಸೆ ತಿರುವಿಕೊಂಡು ಓಡಾಡಿದ್ದರೆ ಅದು ಈ ಹನ್ನೊಂದರ ಬಲದಿಂದಲೇ. ಗಾಡಿ ತನ್ನೊಬ್ಬನ ಮಾತನ್ನೇ ಕೇಳುತ್ತದೆ ಎಂದು ಅವನು ಬಾಯಿ ಇರಲು ಕೊಟ್ಟಿದ್ದ ಹಿತ್ತಿಲ ಖೋಲಿಯಲ್ಲಿ ಹೆಂಡತಿಯ ಮುಂದೆ ಕೊಚ್ಚಿಕೊಂಡಾಗಲೆಲ್ಲ ಸೋಮವ್ವ, "ಗಾಡಿ ನಿನ್ನ ಮಾತ ಕೇಳತೈತಿ. ನೀ ನನ್ನ ಮಾತ ಯಾವಾಗ ಕೇಳತಿ?" ಎನ್ನುತ್ತಿದ್ದಳು.

ರಿಪೇರಿಗೆ ಮೆಕ್ಯಾನಿಕ್‌ಗಳನ್ನು ಹುಡುಕಿ ತರುತ್ತಿದ್ದವನೂ ಚಂದ್ರಾಮನೇ. ಆ ಕೆಲಸ ಅವನಿಗೆ ಬಹಳ ಖುಷಿಯದು. ದಾದರಿನಿಂದ ಒಬ್ಬ ಬಂದ, ಅಂಧೇರಿಯಿಂದ ಇಬ್ಬರು ಬಂದರು, ಎಲ್ಲರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಕೈ ಹೊಲಸು ಮಾಡಿಕೊಂಡು ಹೋದರು. ಒಬ್ಬೊಬ್ಬ ಸೋತು ಹೋದ ಹಾಗೆ ಚಂದ್ರಾಮನ ಬೆಲೆ ಏರುತ್ತಿತ್ತು. ಆ ವರ್ಷ ಸ್ಟೇಶನ್ ಹತ್ತಿರ ತಗಡು ಹೊದಿಸಿ ಹೊಸದಾಗಿ ಗ್ಯಾರೇಜು ತೆರೆದಿದ್ದ ಸಿಂದಗಿ ಪಕ್ಕದ ಇಂಡಿ ಊರಿನ ಚಮನಸಾಬನನ್ನು ಕರೆದುಕೊಂಡು ಬಂದದ್ದೂ ಇದೇ ಲೆಕ್ಕದಲ್ಲಿ. ನಮ್ಮ ಕಡೆಯವನು, ಮೂವತ್ತರ ಹುರುಪಿನವನು, ಇವನೂ ಒಂದು ಸಲ ಸೋಲಲಿ ಎಂಬ ಪ್ರೀತಿ.

ಚಮನಸಾಬ ಸೋಲುವ ಅವಸರದಲ್ಲಿರಲಿಲ್ಲ. ಮೊದಲು ನಾಲ್ಕೂ ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟು ನೋಡಿದ. ಎಲ್ಲವೂ ಮಸಿ ಹಿಡಿದು ಕರ್ರಗಾಗಿದ್ದವು. ಆಮೇಲೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ಬಲ್ಬಿನ ಎರಡು ವೈರು ಸಿಕ್ಕಿಸಿ, ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಕೈಯಿಂದಲೇ ಸಾವಕಾಶ ತಿರುಗಿಸಿದ. ಇಂಜಿನ್ ಎಲ್ಲಿಗೆ ಬಂದಾಗ ಬಲ್ಬು ಹೊತ್ತಿತು ಎಂದು ನೋಡಿ ನಕ್ಕ.

"ಚಂದ್ರಾಮಣ್ಣ, ಇಲ್ಲಿ ಬಾ ಅಣ್ಣಾ. ಕಿಡಿ ತಡಾ ಮಾಡಿ ಬೀಳಾಕ ಹತ್ತೈತಿ. ಅದಕ್ಕ ಸರಿಯಾಗಿ ಕಾರ್ಬುರೇಟರ್ ಪೆಟ್ರೋಲ್ ಹೆಚ್ಚಿಗಿ ಸುರಿಯಾಕ ಹತ್ತೈತಿ. ಎರಡೂ ತಪ್ಪು ಒಂದಕ್ಕೊಂದು ಕೈ ಹಿಡಕೊಂಡು ಇಷ್ಟ ವರ್ಷ ಸಂಸಾರ ಮಾಡ್ಯಾವ."

ಚಂದ್ರಾಮ ಬರಲಿಲ್ಲ. ಗೋಡೆಗೆ ಮುಖ ಮಾಡಿ, ಬೇಕೆಂದೇ ಬೆನ್ನು ತಿರುಗಿಸಿ ನಿಂತು ಬೀಡಿ ಸೇದಿದ. ಹಾಗೆ ನಿಂತದ್ದರಿಂದಲೇ ಅವನು ಒಂದು ಸಂಗತಿಯನ್ನು ನೋಡಲಿಲ್ಲ. ಅದು ಮುಂದೆ ಬರುತ್ತದೆ.

ಸಾಬ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ನಟ್ಟು ಬಿಗಿದ. ಕಾರ್ಬುರೇಟರ್ ಬಿಚ್ಚಿ ತೊಳೆದು, ಮತ್ತೆ ಕೂರಿಸಿ, ಇಂಜಿನ್ ಓಡುತ್ತಿರುವಾಗ ಸಣ್ಣ ಸ್ಕ್ರೂವನ್ನು ಆಚೆ ಈಚೆ ಆಡಿಸಿ ಕಿವಿಗೊಟ್ಟು ನಿಂತ. ಸದ್ದು ಸಣ್ಣದಾಗುತ್ತ, ಮೆತ್ತಗಾಗುತ್ತ ಬಂದು ಒಂದೇ ಸಮನಾಯಿತು. ಸೋಮವ್ವ ಚಹಾ ತಂದು ಕಪ್ಪುಬಸಿಯನ್ನು ಇಂಜಿನ್ ಓಡುತ್ತಿದ್ದ ಗಾಡಿಯ ಮಡ್‌ಗಾರ್ಡಿನ ಮೇಲೇ ಇಟ್ಟಳು. ಒಂದು ಹನಿ ತುಳುಕಲಿಲ್ಲ.

"ಏನ ಕೈ ಅದಾವಪಾ ನಿನ್ನವು" ಎಂದಳು, ಗಂಡನ ಎದುರಿಗೇ.

ಬಾಯಿ ಹೊರಗೆ ಬಂದರು. ಇಂಜಿನ್ ಆರಿಸಿ ಚಾವಿಯನ್ನು ಅವರ ಕೈಗೇ ಕೊಟ್ಟ ಸಾಬ. ಅವರು ಕೂತು ತಿರುಗಿಸಿದರು. ಮೂರು ಸಲ ತುಳಿಯಲಿಲ್ಲ, ಒಂದೂ ಎಣಿಸಲಿಲ್ಲ. ಗಾಡಿ ಹೊತ್ತಿಕೊಂಡಿತು. ಬಾಯಿ ಎಳೆಯ ಹುಡುಗಿಯಂತೆ ನಕ್ಕರು. ಚಂದ್ರಾಮನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡದ್ದೂ ಆ ಗಳಿಗೆಯಲ್ಲೇ. ಹತ್ತು ವರ್ಷ ತನ್ನೊಬ್ಬನ ಕೈಗೆ ಸಿಕ್ಕಿದ್ದ ಗಾಡಿ, ಅರ್ಧ ದಿನದಲ್ಲಿ ಯಾರು ಕರೆದರೂ ಬರುವಂಥದ್ದಾಗಿತ್ತು. ಅವನಿಗೆ ಸಾಬನ ಕೈ ಕಂಡು ಉರಿಯಿತು, ಕಿವಿ ಕಂಡು ಉರಿಯಿತು, ಕೊನೆಗೆ ಆ ಎರಡು ವೈರಿನ ಬಲ್ಬನ್ನು ಕಂಡೂ ಉರಿಯಿತು.

ಭಾನುವಾರ ಬಾಯಿ ಅವನನ್ನು ಕರೆಯಲಿಲ್ಲ. ತಾವೇ ಗಾಡಿ ತೆಗೆದುಕೊಂಡು ಗೇಟು ದಾಟಿ ಹೋದರು. ಚಂದ್ರಾಮ ನಲ್ಲಿಯ ಹತ್ತಿರ ಬನಿಯನ್ನಿನಲ್ಲಿ ನಿಂತು ನೋಡಿದ. ತಾವೇ ನಡೆಸಿಕೊಂಡು ಹೋಗಬಲ್ಲವರಿಗೆ ಡ್ರೈವರ್ ಯಾಕೆ? ಡ್ರೈವರ್ ಬೇಡವೆಂದರೆ ಖೋಲಿ ಯಾಕೆ? ನಲವತ್ತೈದರ ವಯಸ್ಸಿನಲ್ಲಿ ಗಂಟುಮೂಟೆ ಹೊತ್ತು ಇನ್ನೊಬ್ಬರ ಗೇಟಿಗೆ ಹೋಗಿ ಸಲಾಮು ಹೊಡೆಯುವುದೇ? ಬಾಯಿ ಒಂದು ತಾಸಿನಲ್ಲಿ ಮರಳಿ ಬಂದು, ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿ, ಏನೂ ಹೇಳದೆ ಒಳಗೆ ಹೋದರು. ಅವರೇನೂ ಹೇಳದ್ದನ್ನು ಚಂದ್ರಾಮ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ.

ಸೋಮವಾರ ಮಧ್ಯಾಹ್ನ ಬಾಯಿ ಮಲಗಿದ್ದಾಗ, ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಬಾನೆಟ್ ಎತ್ತಿದ. ಪಾನಾ ಹಾಕಿ ಡಿಸ್ಟ್ರಿಬ್ಯೂಟರಿನ ನಟ್ಟು ಸಡಿಲಿಸಿ, ಅದನ್ನು ಹಳೆಯ ಜಾಗದ ಕಡೆಗೆ ಅಂದಾಜಿನ ಮೇಲೆ ತಿರುಗಿಸಿ, ನಟ್ಟನ್ನು ಮೊದಲಿಗಿಂತ ಬಿಗಿಯಾಗಿ ಕೂರಿಸಿದ. ಮೆಕ್ಯಾನಿಕ್ ಅಲ್ಲದಿದ್ದರೇನು, ಹಾಳುಮಾಡುವುದಕ್ಕೆ ವಿದ್ಯೆ ಬೇಕೇ? ನಾಳೆ ಬಾಯಿ ಚಾವಿ ತಿರುಗಿಸುತ್ತಾರೆ, ಗಾಡಿ ಕೆಮ್ಮುತ್ತದೆ, ಚಂದ್ರಾಮ ಎಂದು ಕೂಗುತ್ತಾರೆ. ತಾನು ಸಾವಕಾಶ ಹೋಗಿ ಹನ್ನೊಂದು ಎಣಿಸುತ್ತೇನೆ. ಈ ಸುಖವನ್ನು ನೆನೆದು ಅವನು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಮಂಗಳವಾರ ವಿಕ್ರೋಳಿಯ ಕಾರ್ಖಾನೆ ಕಾಲನಿಯ ದವಾಖಾನೆಗೆ ಹೋಗುವ ದಿನ. ಹತ್ತಕ್ಕೆ ಅಲ್ಲಿ ಬಸುರಿ ಹೆಂಗಸರು ಸಾಲು ಹಿಡಿದಿರುತ್ತಾರೆ. ಒಂಬತ್ತಕ್ಕೆ ಬಾಯಿ, ಚಾಲೂ ಮಾಡುವ ಹೊಸ ಹುರುಪಿಗೆ, ತಾವೇ ಚಾವಿ ತಿರುಗಿಸಿದರು. ಗಾಡಿ ಕೆಮ್ಮಿತು. ಅವರು "ಚಂದ್ರಾಮಾ" ಎಂದು ಕೂಗಿದರು. ಅಲ್ಲಿಯ ತನಕ ಎಲ್ಲ ಅಂದುಕೊಂಡ ಹಾಗೆಯೇ ನಡೆಯಿತು.

ಚಂದ್ರಾಮ ಟೋಪಿ ಸರಿಮಾಡಿಕೊಂಡು ಕೂತ. ಚೋಕ್ ಎಳೆದ, ಮೂರು ಸಲ ತುಳಿದ, ಹನ್ನೊಂದು ಎಣಿಸಿ ಸ್ಟಾರ್ಟ್ ಮಾಡಿದ. ಗಾಡಿ ಕೆಮ್ಮಿತು. ಮತ್ತೆ ಎಣಿಸಿದ. ಮತ್ತೆ ಕೆಮ್ಮಿತು. ಮೂರನೆಯ ಸಲಕ್ಕೆ ಅವನ ಬೆನ್ನು ಬೆವರಿ ಅಂಗಿ ಸೀಟಿಗೆ ಅಂಟಿತು. ಎರಡು ತಪ್ಪು ಕೈ ಹಿಡಕೊಂಡು ಸಂಸಾರ ಮಾಡಿವೆ ಎಂದು ಸಾಬ ಹೇಳಿದ ಮಾತು ಈಗ ತಲೆಗೆ ಹೊಕ್ಕಿತು. ಅವನು ಒಂದು ತಪ್ಪನ್ನಷ್ಟೇ ವಾಪಸು ತಂದಿದ್ದ. ಕಾರ್ಬುರೇಟರಿನ ತಪ್ಪು ಹೋಗಿಯೇ ಹೋಗಿತ್ತು. ಅದರ ಜೊತೆಗೆ ಹನ್ನೊಂದೂ ಹೋಗಿತ್ತು.

"ಆ ಸಾಬನ್ನ ಕರಕೊಂಡು ಬಾ ಲಗೂನ" ಎಂದರು ಬಾಯಿ, ಗಡಿಯಾರ ನೋಡುತ್ತ. "ಇನ್ನ ಲೋಕಲ್ ಹಿಡದು ದಾದರದಾಗ ಬದಲಿ ಮಾಡಿ ನಾ ಯಾವಾಗ ಮುಟ್ಟಬೇಕು?"

ಯಾರ ಹೆಸರು ಕೇಳಿದರೆ ಉರಿಯುತ್ತಿತ್ತೋ ಅವನನ್ನೇ ಕರೆಯಲು ಚಂದ್ರಾಮ ಸ್ಟೇಶನ್ ತನಕ ಓಡಿದ.

ಚಮನಸಾಬ ಬಂದು ಬಾನೆಟ್ ಎತ್ತಿದ. ಎಣ್ಣೆ ಮೆತ್ತಿಕೊಂಡಿದ್ದ ಡಿಸ್ಟ್ರಿಬ್ಯೂಟರಿನ ಬುಡವನ್ನು ಬಟ್ಟೆಯಿಂದ ಒರೆಸಿದ. ಬಗಲಲ್ಲಿ ನಿಂತಿದ್ದ ಚಂದ್ರಾಮನಿಗೆ ಆಗ ಕಂಡಿತು, ಅವತ್ತು ಬೆನ್ನು ತಿರುಗಿಸಿ ನಿಂತು ನೋಡದೆ ಬಿಟ್ಟ ಸಂಗತಿ. ನಟ್ಟು ಬಿಗಿದ ಕೂಡಲೇ ಸಾಬ ಡಿಸ್ಟ್ರಿಬ್ಯೂಟರಿನ ಮೇಲೂ ಅದರ ಕೆಳಗಿನ ಇಂಜಿನ್ನಿನ ಮೇಲೂ ಸೇರಿಸಿ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆದಿದ್ದ. ಈಗ ಗೆರೆ ತುಂಡಾಗಿತ್ತು. ಮೇಲಿನ ಅರ್ಧ ಹೆಬ್ಬೆರಳಿನಷ್ಟು ದೂರ ಸರಿದಿತ್ತು. ಸಾಬ ನಟ್ಟಿಗೆ ಪಾನಾ ಹಾಕಿದ. ಅದು ಕಲ್ಲಿನಂತೆ ಬಿಗಿಯಾಗಿತ್ತು. ತಾನಾಗಿಯೇ ಸರಿದದ್ದಾದರೆ ನಟ್ಟು ಸಡಿಲವಿರಬೇಕು. ಅಷ್ಟು ಬಿಗಿಯಿದೆ ಎಂದರೆ ಯಾರದೋ ಕೈ ಆಡಿದೆ ಎಂದೇ ಅರ್ಥ. ಸಾಬ ತಲೆ ಎತ್ತಿ ಚಂದ್ರಾಮನನ್ನು ಒಂದು ಸಲ ನೋಡಿದ, ಅಷ್ಟೇ.

"ಏನಾಗಿತ್ತು?" ಎಂದರು ಬಾಯಿ.

"ನನ್ನ ತಪ್ಪರಿ ಬಾಯಾರ. ನಟ್ ಸರಿಯಾಗಿ ಬಿಗಿದಿದ್ದಿಲ್ಲ. ಸರದ ಬಿಟ್ಟೈತಿ."

ಬಾಯಿಯ ಮುಖ ಬಿಗಿಯಿತು. "ನಾ ನಿನ್ನ ಹೆಸರು ಆಜೂಬಾಜೂ ಎಲ್ಲಾರಿಗೂ ಹೇಳೀನಿ. ದೊಡ್ಡ ಮಾತು ಆಡಿ ಒಂದು ನಟ್ ಬಿಗಿಲಿಕ್ಕೆ ಬರೂದಿಲ್ಲಾ? ಇನ್ನ ಮ್ಯಾಲ ನನ್ನ ಗಾಡಿ ಮುಟ್ಟಬ್ಯಾಡ."

ಸಾಬ "ಆತರಿ" ಎಂದು ಗೆರೆಗೆ ಗೆರೆ ಕೂಡಿಸಿ ನಟ್ಟು ಬಿಗಿಯತೊಡಗಿದ.

ಚಂದ್ರಾಮ ಗೆದ್ದಿದ್ದ. ಬೇಕೆಂದು ಹಂಬಲಿಸಿದ್ದೆಲ್ಲ ಕೈಗೆ ಬಂದಿತ್ತು. ಆದರೂ ಹೊಟ್ಟೆಯ ಉರಿ ಆರುವ ಬದಲು ಭಗ್ಗೆಂದಿತು. ಕೈ ಅವನದು, ಕಿವಿ ಅವನದು, ಸರಿ. ಈಗ ದೊಡ್ಡ ಮನಸ್ಸೂ ಅವನದೇ ಆಯಿತೇ? ತಾನು ಹಾಳುಮಾಡಿದ್ದಕ್ಕೆ ಅವನು ಬೈಸಿಕೊಂಡು, ಒಂದೂ ಮಾತಾಡದೆ, ಸಂತನಂತೆ ಪಾನಾ ತಿರುಗಿಸುತ್ತಿದ್ದಾನೆ. ಇದೊಂದನ್ನೂ ಆ ಇಂಡಿ ಊರಿನವನು ಹೊಡೆದುಕೊಂಡು ಹೋಗುವುದನ್ನು ಚಂದ್ರಾಮನಿಂದ ಸಹಿಸಲಾಗಲಿಲ್ಲ.

"ಬಾಯಾರ, ಅವ ಸುಳ್ಳ ಹೇಳಾಕ ಹತ್ಯಾನ" ಎಂದ. "ನಟ್ಟು ಅವ ಸರಿಯಾಗೇ ಬಿಗಿದಿದ್ದ. ನಾನ ನಿನ್ನೆ ಮಧ್ಯಾಹ್ನ ಬಿಚ್ಚಿ ತಿರುವೀನಿ."

ಸಾಬನ ಕೈ ನಿಂತಿತು. ಬಾಯಿ ಗಡಿಯಾರದಿಂದ ಕಣ್ಣು ತೆಗೆದು ಚಂದ್ರಾಮನ ಕಡೆಗೆ ತಿರುಗಿದರು.

"ಯಾಕ?"

"ನಿಮ್ಮ ಕೈಯಾಗ ಗಾಡಿ ಚಾಲೂ ಆಗೂದು ನೋಡಿ. ಭಾನುವಾರ ನೀವ ಒಬ್ಬರ ಹೋದಿರಿ. ಇನ್ನ ನನ್ನ ಇಟಗೋತಾರೋ ಇಲ್ಲೋ ಅಂತ."

"ಭಾನುವಾರ ಹೋದೆ, ಖರೆ" ಎಂದರು ಬಾಯಿ. "ಅಂಧೇರಿ ದಾಟೂದರಾಗ ನನ್ನ ಕೈಕಾಲು ನಡಗಿದ್ದು ನಿನಗ ಗೊತ್ತದೇನು? ಹಿಂದ ತಗೀಲಿಕ್ಕೆ ಬರಲಿಲ್ಲಂತ ಗಾಡಿ ಗೇಟಿನ ಹೊರಗ ಬಿಟ್ಟೆ. ಬರೇ ಗಾಡಿ ಚಾಲೂ ಮಾಡಲಿಕ್ಕೆ ನಾ ನಿನ್ನ ಹತ್ತು ವರ್ಷ ಇಟಗೊಂಡೀನಿ ಅಂತ ತಿಳದಿದ್ದೇನು?"

ಚಂದ್ರಾಮ ಹಾಗೆಯೇ ತಿಳಿದಿದ್ದ. ಬಾಯಿ ಸಾಬನ ಕಡೆಗೆ ತಿರುಗಿ, ತಪ್ಪು ತಿಳಿದುಕೊಂಡೆನಪಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಆಮೇಲೆ ಹಿಂದಿನ ಬಾಗಿಲು ತೆರೆದು ತಮ್ಮ ಜಾಗದಲ್ಲಿ ಕೂತು, "ನಡಿ, ಹೆಂಗಸರು ಕಾಯತಾರ" ಎಂದರು. ಅವರ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಅದು ಒಂದೇ ದಿನದಲ್ಲಿ ಹೋಗುವಂಥದ್ದೂ ಅಲ್ಲ.

ಚಂದ್ರಾಮನ ಕಾಲು ಹಳೆಯ ರೂಢಿಯಿಂದ ಮೂರು ಸಲ ತುಳಿಯಲು ಹೋಯಿತು. ಒಂದು ಎಂದು ಎಣಿಸುವ ಮೊದಲೇ ಗಾಡಿ ಹೊತ್ತಿಕೊಂಡಿತು. ಸಾಕಿನಾಕಾದ ತನಕ ಅವನು ಕಿವಿ ನಿಮಿರಿಸಿ ಇಂಜಿನ್ನಿನಲ್ಲಿ ಒಂದು ತಪ್ಪು ಹುಡುಕಿದ. ಸಿಗಲಿಲ್ಲ. ಘಾಟಕೋಪರ್ ದಾಟಿದ ಮೇಲೆ ಕನ್ನಡಿಯಲ್ಲಿ ಬಾಯಿಯ ಮುಖ ನೋಡಿ ಧೈರ್ಯ ಮಾಡಿದ.

"ಬಾಯಾರ, ಬರೂ ಭಾನುವಾರ ಸಾಬನ ಗ್ಯಾರೇಜಿಗೆ ಹೋಗತೀನ್ರಿ. ಆ ಬಲ್ಬಿನ ಕೆಲಸ ಕಲೀಬೇಕು."

"ಈ ವಯಸ್ಸಿನಾಗ ಯಾಕಪಾ?"

"ಅವನೊಬ್ಬನಿಗೇ ಯಾಕ ಬರಬೇಕ್ರಿ ಅದು" ಎಂದ ಚಂದ್ರಾಮ.