ಎಡೆಬಂಡೆ

"ಇನ್ನೆಷ್ಟು ಹೊತ್ತು ಉಳಿದೀತು ಈ ಬೆಳಕು?"

ಸಿದ್ದಗಂಗಮ್ಮ ಕೇಳಿದ್ದು ಯಾರನ್ನೂ ಅಲ್ಲ. ತಮ್ಮ ಹುಚ್ಚರಂಗಯ್ಯ ಹತ್ತು ಮಾರು ಕೆಳಗೆ ಕಲ್ಲು ತಬ್ಬಿಕೊಂಡು ಏರುತ್ತಿದ್ದ. ಅವನ ಕಿವಿಗೆ ಅವನದೇ ಏದುಸಿರು ತುಂಬಿತ್ತು. ಕೋಡುಗಲ್ಲಪ್ಪನ ಬೆಟ್ಟವಂತೂ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಪೈಕಿಯಲ್ಲ. ದೂರದಲ್ಲಿ ಬೋರನಕಣಿವೆಯ ನೀರು ಕೆಂಪಗಾಗಿತ್ತು. ಕೆಳಗಿನ ತೆಂಗಿನ ತೋಟಗಳಲ್ಲಿ ಆಗಲೇ ಕತ್ತಲೆ ಮನೆ ಮಾಡಿತ್ತು.

ಕಾರ್ತಿಕದ ಕೊನೆಯ ಸೋಮವಾರ ಹೊತ್ತು ಹುಟ್ಟುವಾಗ ನೆತ್ತಿಯ ಮೇಲೆ ಪೂಜೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕೊಬ್ಬರಿಯಲ್ಲಿ ಮೊದಲ ಗಿಟುಕನ್ನು ದೇವರ ಮುಂದಿಟ್ಟೇ ಉಳಿದದ್ದನ್ನು ತಿಪಟೂರಿನ ಸಂತೆಗೆ ಒಯ್ಯುವುದು ಅವರ ಮನೆಯ ನಡೆ. ಬೆಟ್ಟ ಗೋಡೆ ನಿಲ್ಲಿಸಿದ ಹಾಗಿರುವುದರಿಂದ ಜನ ಹಿಂದಿನ ದಿನವೇ ಹತ್ತಿ ನಡುವೆ ಎಲ್ಲಾದರೂ ಮಲಗುತ್ತಿದ್ದರು. ಎರಡು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಬುಡದಲ್ಲಿ ಹಳದಿ ಹಲಗೆಯೊಂದು ಬಂತು. ರಾತ್ರಿ ತಂಗಲು ಮೂರೇ ಜಾಗ; ಬೇರೆ ಕಡೆ ಮಲಗಿದವರ ಮೇಲೆ ಕೇಸು.

ಆ ಮೂರು ಜಾಗಗಳನ್ನು ಸರ್ಕಾರ ಹುಡುಕಿದ್ದಲ್ಲ. ಸಿದ್ದಗಂಗಮ್ಮನ ಬಾಯಲ್ಲಿದ್ದ ಪದದಿಂದಲೇ ಅರಣ್ಯ ಇಲಾಖೆಯ ಗಾರ್ಡು ವೀರಭದ್ರಯ್ಯ ಬರೆದುಕೊಂಡು ಹೋಗಿದ್ದ. ಅಪ್ಪ ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದ್ದ ಪದ ಅದು:

ಅಡಿಯಲ್ಲಿ ಆಲದ ಕಟ್ಟೆ, ಮುಡಿಯಲ್ಲಿ ಗವಿಬಾಗ್ಲು
ನಡುದಾರಿಗೆಡೆಬಂಡೆ, ಕೋಡ್ಗಲ್ಲ
ಒಡೆಯ ಹಾಸಿರುವ ಹಾಸಿಗೆ.

"ಅಕ್ಕೋ!"

ಕಲ್ಲು ಉರುಳಿದ ಸದ್ದು. ಅವಳು ತಿರುಗಿದಳು. ರಂಗಯ್ಯ ಕುಕ್ಕರಿಸಿ ಬಲಗಾಲಿನ ಹರಡು ಹಿಡಿದುಕೊಂಡಿದ್ದ. ನೋಡನೋಡುತ್ತಿದ್ದಂತೆ ಅದು ಎಳನೀರಿನ ಬುರುಡೆಯಂತೆ ಊದಿತು.

"ದಿನಕ್ಕೆ ಸಾವಿರ ಕಾಯಿ ಸುಲಿಯೋನು ಒಂದು ಕಲ್ಲಿಗೆ ಬಿದ್ಯೇನ್ಲಾ?"

"ಕಾಯಿ ನನ್ ಕಾಲ್ಕೆಳಗೆ ಉರುಳಾಡಲ್ಲ ಕಣಕ್ಕ. ನಿನ್ ದೇವ್ರು ಕಿಬ್ಬನಹಳ್ಳಿ ಬಸ್ ಸ್ಟಾಪಿನಾಗೆ ಕೂತಿದ್ರೆ ಅವನ ಗಂಟೇನು ಹೋಗ್ತಿತ್ತು?"

"ಬಾಯಿ ಮುಚ್ಕೊಂಡು ಹೆಗಲು ಹಿಡಿ."

ದಾರಿ ಕವಲೊಡೆಯಿತು. ಎಡಕ್ಕೆ ಬೋಳು ಇಳಿಜಾರು ಬಂಡೆ. ಅದರ ಅಂಚು ಎಲ್ಲಿ ಮುಗಿಯಿತೆಂದು ಈ ಹೊತ್ತಿನಲ್ಲಿ ಕಾಣುತ್ತಿರಲಿಲ್ಲ. ಬಲಕ್ಕೆ ಕಣದಂತೆ ಮಟ್ಟಸವಾದ ಬಂಡೆ, ಪಕ್ಕದಲ್ಲಿ ನೀರು ನಿಂತ ಸಣ್ಣ ದೊಣೆ, ನಡುವೆ ಎಡೆ ಇಟ್ಟಿಟ್ಟು ಎಣ್ಣೆ ಕುಡಿದು ಕಪ್ಪಾದ ಗುಳಿ. ಸಿದ್ದಗಂಗಮ್ಮ ತಮ್ಮನನ್ನು ಬಲಕ್ಕೆ ಎಳೆದುಕೊಂಡು ಹೋಗಿ ಕೂರಿಸಿದಳು. ಗಿಟುಕು ಕಟ್ಟಿದ್ದ ಗಂಟು ಬಿಚ್ಚಲು ಕೈ ಹಾಕಿದಾಗ ಸೀಟಿ ಕೇಳಿತು.

ಬೆಳಕಿನ ಕೋಲೊಂದು ಅವಳ ಮುಖಕ್ಕೆ ಬಡಿಯಿತು. "ಯಾರದು? ಏಳ್ರೀ ಮ್ಯಾಲೆ!"

"ನಾನು ಕಣಪ್ಪ ವೀರಭದ್ರಯ್ಯ, ಸಿದ್ದಗಂಗಮ್ಮ."

ಬ್ಯಾಟರಿ ಕೆಳಗಿಳಿಯಿತು. "ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ? ಇಲ್ಲಿ ಮಲಗಂಗಿಲ್ಲ. ನಡುದಾರೀಲಿ ತಂಗೋ ಜಾಗ ಆ ಕಡೇದು." ಅವನ ಕೈ ಎಡಗಡೆಯ ಇಳಿಜಾರನ್ನು ತೋರಿಸಿತು.

ರಂಗಯ್ಯ ನಕ್ಕ. "ಅಲ್ಲಿ ಮಲಗಬೇಕಂದ್ರೆ ಹಲ್ಲಿಯಾಗಿ ಹುಟ್ಟಿರಬೇಕು ಸ್ವಾಮಿ."

"ಹಾಳೆಯಾಗೆ ಇರೋದೇ ಅದು." ಅವನು ಜೇಬಿನಿಂದ ಕಾಗದ ತೆಗೆದು ಬೆಳಕಿಗೆ ಹಿಡಿದು ಓದಿದ. "ಒಂದು, ಆಲದಕಟ್ಟೆ. ಎರಡು, ಎಡಬಂಡೆ. ಮೂರು, ಗವಿಬಾಗಿಲು. ಮೊಹರು ಬಿದ್ದದೆ ನೋಡಿ. ಹೋದ ವರ್ಷ ಓಬಮ್ಮನೂ ಹಿಂಗೇ ಹಟ ಮಾಡಿದ್ಳು. ನಾನೇ ಎಬ್ಬಿಸಿ ಆ ಕಡೆ ಕಳಿಸ್ದೆ."

ಸಿದ್ದಗಂಗಮ್ಮನ ಕೈ ಗಂಟಿನ ಮೇಲೇ ನಿಂತಿತು. ಪಕ್ಕದ ಮನೆಯ ಓಬಮ್ಮ ಹೋದ ವರ್ಷ ನಿದ್ದೆಗಣ್ಣಲ್ಲಿ ಆ ಬಂಡೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಇವತ್ತಿಗೂ ಚಾಪೆ ಬಿಟ್ಟು ಎದ್ದಿಲ್ಲ. ಮಡಿ ಕೆಟ್ಟು ಹತ್ತಿದ್ದಳು, ದೇವರು ನೂಕಿದ ಎಂದು ಊರು ಆಡಿಕೊಂಡಿತ್ತು. ಆ ರಾತ್ರಿಯದು ಓಬಮ್ಮನಿಗೇ ಏನೂ ನೆನಪಿರಲಿಲ್ಲ; ಕತ್ತಲಲ್ಲಿ ದಾರಿ ತಪ್ಪಿದಳೆಂದು ಸಿದ್ದಗಂಗಮ್ಮ ನಂಬಿದ್ದಳು.

"ಎಡಬಂಡೆ ಅಂತ ಯಾರು ಹೇಳಿದ್ದು?"

"ನೀವೇ ಹಾಡಿದ್ರಲ್ಲ ತಾಯಿ! ಮೊರದಾಗೆ ರಾಗಿ ಕೇರ್ತಾ."

ಅವಳು ಕಣ್ಣು ಮುಚ್ಚಿದಳು. ಆ ದಿನ ಮೊರದ ಗತ್ತಿಗೆ ಪದ ಓಡಿತ್ತು. ನಡುದಾರಿಗೆಡ ಬಂಡೆ. ನಾಲಿಗೆ ಒಂದು ಎತ್ವವನ್ನು ಹೊಟ್ಟಿನ ಜೊತೆ ತೂರಿಬಿಟ್ಟಿತ್ತು. 'ಪದದಾಗೆ ಅಕ್ಷರ ನುಂಗಬ್ಯಾಡ ಮಗಳೇ, ನುಂಗಿದ್ದು ಯಾರಿಗೋ ವಿಷ ಆಗ್ತದೆ' ಎನ್ನುತ್ತಿದ್ದ ಅಪ್ಪ. ಅದು ಮಕ್ಕಳನ್ನು ಹೆದರಿಸುವ ಮಾತೆಂದುಕೊಂಡಿದ್ದಳು.

ಈಗ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದಳು. "ಎಡ ಅಲ್ಲಪ್ಪ. ಎಡೆ. ಎಡೆ ಇಡೋ ಬಂಡೆ. ನೀನು ನಿಂತಿರೋದು ಅದರ ಮ್ಯಾಲೇ."

ವೀರಭದ್ರಯ್ಯ ಕಾಲ ಬುಡದ ಗುಳಿಯ ಮೇಲೆ ಬೆಳಕು ಬಿಟ್ಟ. ಬಗ್ಗಿ ಅದರ ಎಣ್ಣೆಗಪ್ಪನ್ನು ಬೆರಳಿನಿಂದ ಮುಟ್ಟಿದ. ಕೆಳಗೆಲ್ಲೋ ಕೆಮ್ಮಿದ ಹಾಗೆ ಕಿರುಬನೋ ಚಿರತೆಯೋ ಒಮ್ಮೆ ಕೂಗಿತು. ರಂಗಯ್ಯ ಕಾಲು ಎಳೆದುಕೊಂಡು ಅಕ್ಕನ ಹತ್ತಿರ ಸರಿದ.

"ಬೆಳಿಗ್ಗೆ ಸಾಹೇಬ್ರು ಹತ್ತಿ ಬರ್ತಾವ್ರೆ," ಎಂದ ಗಾರ್ಡು. ಅವನ ದನಿಯ ಜೋರು ಇಳಿದಿತ್ತು. "ಓಬಮ್ಮ ಬಿದ್ದಿದ್ದಕ್ಕೆ ವಿಚಾರಣೆ. ತಪ್ಪು ಬರೆದೋನು ನಾನು ಅಂತ ಆದ್ರೆ ಕೆಲಸ ಹೋಯ್ತು. ಮೂರು ಹೆಣ್ಮಕ್ಕಳವೆ ನಂಗೆ. ನಿಮ್ ಬಾಯಿಂದ್ಲೇ ಪದ ಕೇಳ್ತಾರೆ. ಎರಡು ವರ್ಷದ ಹಿಂದೆ ಹೆಂಗೆ ಹಾಡಿದ್ರೋ ಹಂಗೇ ಹಾಡ್ಬುಡಿ. ಸುಳ್ಳೇನಲ್ಲ ಅದು, ನೀವು ಹಾಡಿದ್ದೇ ತಾನೆ? ಈ ರಾತ್ರಿ ಇಲ್ಲೇ ಮಲಗಿ. ನಾನೇ ಕಾವಲು ಕೂತ್ಕೋತೀನಿ."

"ಇಲ್ಲಾ ಅಂದ್ರೆ?" ಎಂದ ರಂಗಯ್ಯ.

"ಇಲ್ಲಾ ಅಂದ್ರೆ ಹಾಳೆ ಪ್ರಕಾರ ನಡೀಬೇಕಾಯ್ತದೆ. ಆ ಬಂಡೆಗೆ ಹೋಗಿ, ಇಲ್ಲ ಬುಡಕ್ಕೆ ಇಳೀರಿ."

"ಅಕ್ಕಾ," ರಂಗಯ್ಯ ಅವಳ ಸೆರಗು ಹಿಡಿದ. ನಗೆ ಮಾತು ಅವನಲ್ಲಿ ಮುಗಿದಿತ್ತು. "ಒಂದಕ್ಷರ ಕಣಕ್ಕ. ನನ್ ಕೈಲಿ ಇಳಿಯೋಕಾಗಲ್ಲ."

ಅವಳು ತಮ್ಮನ ಕಾಲು ನೋಡಿದಳು. ಗಾರ್ಡಿನ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಮುಂದಿನ ವರ್ಷ ಬರುವವರು ಯಾರೋ, ಅವರ ಕಂಕುಳಲ್ಲಿ ಕೂಸಿದ್ದೀತು. ತಾನು ಹಳೆಯ ಹಾಗೇ ಹಾಡಿದರೆ ಅವರನ್ನೂ ಇದೇ ಹಾಳೆ ಆ ಇಳಿಜಾರಿಗೆ ಅಟ್ಟುತ್ತದೆ. ಗಿಟುಕಿನ ಗಂಟನ್ನು ಸೊಂಟಕ್ಕೆ ಬಿಗಿದಳು. ತಮ್ಮನ ತೋಳನ್ನು ತನ್ನ ಕೊರಳಿಗೆ ಹಾಕಿಕೊಂಡು, ಬುಡದ ದಾರಿಯ ಕಡೆಗೆ ಮುಖ ಮಾಡಿ ಎಬ್ಬಿಸಿ ನಿಲ್ಲಿಸಿದಳು.

"ಹೇಳ್ರಮ್ಮ, ಹಾಡ್ತೀರೋ?"

"ಇಲ್ಲ ಕಣಪ್ಪ. ಹಂಗೆ ಹಾಡಲ್ಲ."