ತಲೆಯೆತ್ತದವರ ರಸ್ತೆ

ತೋಳು ಹಿಡಿದು ಹಿಂದಕ್ಕೆ ಎಳೆದಾಗ ಅದು ಯಾರ ತೋಳೆಂದು ಧರ್ಮಪಾಲನಿಗೆ ಗೊತ್ತಿರಲಿಲ್ಲ. ಬಸ್ಸು ಇಬ್ಬರನ್ನೂ ಸವರಿಕೊಂಡೇ ಹೋಯಿತು. ಅದರ ಬಿಸಿಗಾಳಿ ಮುಖಕ್ಕೆ ಬಡಿಯಿತು. ಹುಡುಗಿಯ ಕೈಯಿಂದ ಜಾರಿದ ಮೊಬೈಲು ಮಾಜಿವಾಡಾ ಕೂಡುರಸ್ತೆಯ ಡಾಂಬರಿನ ಮೇಲೆ ಬಿದ್ದು ಗಾಜು ಒಡೆಯಿತು.

ಅವಳು ಮೊದಲು ನೋಡಿದ್ದು ಮೊಬೈಲನ್ನು. ಆಮೇಲೆ ಅವನನ್ನು.

"ಹಾಥ್ ಕೈಸೇ ಲಗಾಯಾ?" ಮುಟ್ಟಲು ಎಷ್ಟು ಧೈರ್ಯ?

"ಬಸ್ ಆ ರಹೀ ಥೀ." ಬಸ್ಸು ಬರುತ್ತಿತ್ತು.

"ಕೌನ್ ಸೀ ಬಸ್?" ಯಾವ ಬಸ್ಸು?

ಬಸ್ಸು ಫ್ಲೈಓವರಿನ ಕೆಳಗೆ ಮಾಯವಾಗಿತ್ತು. ಅವಳ ತೋಳಿನ ಮೇಲೆ ಅವನ ಬೆರಳುಗಳ ಕೆಂಪು ಗುರುತು ಮಾತ್ರ ಉಳಿದಿತ್ತು. ಜನ ಸೇರಿದರು. ಬಸ್ಸನ್ನು ಯಾರೂ ಕಂಡಿರಲಿಲ್ಲ. ಅವರೂ ಮೊಬೈಲು ನೋಡುತ್ತಿದ್ದರು. ಈಗ ಅವೇ ಮೊಬೈಲುಗಳನ್ನು ಎತ್ತಿ ಅವನತ್ತ ಹಿಡಿದರು.

ಪೊಲೀಸ್ ಚೌಕಿಯಲ್ಲಿ ಹವಾಲ್ದಾರನಿಗೆ ಊಟದ ಹೊತ್ತಾಗಿತ್ತು.

"ಪ್ರೊಫೆಸರ್ ಆಹಾತ್ ನಾ? ಸಾರಿ ಮ್ಹಣಾ, ವಿಷಯ್ ಸಂಪ್ಲಾ." ಸಾರಿ ಅಂದರೆ ವಿಷಯ ಮುಗಿಯಿತು.

"ಕಶಾಲಾ?" ಎಂದ ಧರ್ಮಪಾಲ. ಯಾತಕ್ಕೆ?

ಸಾರಿ ಹೇಳಲು ಕಾರಣ ಕೇಳುವ ಮನುಷ್ಯನನ್ನು ಹವಾಲ್ದಾರ ಈವರೆಗೆ ಕಂಡಿರಲಿಲ್ಲ. ಅವನು ಫ್ಯಾನಿನ ವೇಗ ಹೆಚ್ಚಿಸಿದ.

ಅಷ್ಟರಲ್ಲಿ ಡೊಂಬಿವಲಿಯ ಮನೆಯಿಂದ ಹೆಂಡತಿ ಜಲಜಾಕ್ಷಿಯ ಫೋನು.

"ಎಂತ ಮಾರಾಯ್ರೆ ಇದು? ನಮ್ಮ ಸಂಘದ ಗ್ರೂಪಿಗೂ ವಿಡಿಯೋ ಬಂದಿದೆ."

"ಬಸ್ಸು ಬರ್ತಾ ಇತ್ತು."

"ವಿಡಿಯೋದಲ್ಲಿ ಬಸ್ಸಿಲ್ಲ. ಸಾರಿ ಅಂತ ಹೇಳಿ ಬನ್ನಿ. ಮಗಳಿಗೆ ಸಂಬಂಧ ನೋಡ್ತಾ ಇರುವುದು ಗೊತ್ತುಂಟಲ್ಲ?"

ಮಗಳು ನಿಶ್ಮಿತಾ ಫೋನು ತೆಗೆದುಕೊಂಡಳು. "ಪಪ್ಪಾ, ಬೋಲ್ ದೋ ನಾ. ಕ್ಯಾ ಜಾತಾ ಹೈ?" ಹೇಳಿಬಿಟ್ಟರೆ ಹೋಗುವುದೇನು?

"ನೀನು ನನ್ನನ್ನು ನಂಬ್ತೀಯಾ?"

"ವೋ ಬಾತ್ ನಹೀಂ ಹೈ, ಪಪ್ಪಾ." ಮಾತು ಅದಲ್ಲ.

ಅವನು ಫೋನು ಇಟ್ಟ.

ವಿಡಿಯೋದಲ್ಲಿ ಇಲ್ಲದ ಇನ್ನೊಂದು ಸಂಗತಿ ಅವನಿಗೆ ಗೊತ್ತಿತ್ತು. ಎಳೆದ ಕ್ಷಣದಲ್ಲಿ ಅವನೊಳಗೆ ಕರುಣೆಯಿರಲಿಲ್ಲ, ಸಿಟ್ಟಿತ್ತು. ಮೊಬೈಲಿಗೆ ಬಗ್ಗಿದ ತಲೆಗಳಿಗೆ ತರ್ಕಶಾಸ್ತ್ರ ಕಲಿಸುತ್ತ, ಮನೆಯಲ್ಲೂ ಬಗ್ಗಿದ ತಲೆಗಳ ನಡುವೆ ಕುಳಿತು ಉಣ್ಣುತ್ತ ಕೂಡಿಟ್ಟ ಸಿಟ್ಟು. ಬೇಕಾದದ್ದಕ್ಕಿಂತ ಜೋರಾಗಿಯೇ ಎಳೆದಿದ್ದ. ಅದರಲ್ಲೊಂದು ಸುಖವೂ ಇತ್ತೇನೋ. ಇದ್ದರೆ ಇರಲಿ. ಬಸ್ಸಂತೂ ಇತ್ತು. ಹುಡುಗಿ ಬದುಕಿ ಎದುರಿನ ಬೆಂಚಿನಲ್ಲಿ ಕೂತಿದ್ದಳು.

ಅವನು ಅವಳತ್ತ ತಿರುಗಿದ.

"ಸಾರಿ ನಹೀಂ ಬೋಲೂಂಗಾ. ಕಲ್ ಭೀ ಖೀಂಚೂಂಗಾ." ಸಾರಿ ಹೇಳುವುದಿಲ್ಲ, ನಾಳೆಯೂ ಎಳೆಯುತ್ತೇನೆ.

ಹವಾಲ್ದಾರ ಊಟದ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದ. ಹುಡುಗಿ ಮೊದಲ ಸಲ ಅವನ ಕಣ್ಣುಗಳನ್ನೇ ನೋಡಿದಳು. ತುಟಿ ಅಲುಗಿತು.

"ಬಸ್ ಸಚ್ ಮೇಂ ಥೀ?" ಬಸ್ಸು ನಿಜಕ್ಕೂ ಇತ್ತೇ?

ಹೌದೆಂದರೆ ನಂಬು ಎಂದು ಬೇಡಿದಂತಾಗುತ್ತದೆ ಎನಿಸಿತು ಧರ್ಮಪಾಲನಿಗೆ. ಆಗ ಒಡೆದ ಗಾಜಿನ ಹಿಂದೆ ಅವಳ ಮೊಬೈಲು ಬೆಳಗಿತು. ಅವಳ ತಲೆ ಬಗ್ಗಿತು. "ಛೋಡೋ," ಬಿಟ್ಟುಬಿಡು ಎಂದು ಯಾರಿಗೋ ಅಂದು, ದೂರು ಕೊಡದೆ ಎದ್ದು ಹೋದಳು.

ಸಂಜೆ ಕಾಲೇಜಿನಿಂದ ಬರುವಾಗ ಅದೇ ಕೂಡುರಸ್ತೆ. ದಾಟುವವರಿಗೆ ಇನ್ನೂ ಕೆಂಪು ದೀಪ. ಒಬ್ಬ ಮೊಬೈಲು ನೋಡುತ್ತಲೇ ರಸ್ತೆಗಿಳಿದ. ಅವನ ಕಾಲು ಚಲಿಸಿದ್ದಕ್ಕೆ ಉಳಿದವರೂ ಇಳಿದರು. ನಾಸಿಕದ ಕಡೆಯಿಂದ ಟ್ರಕ್ಕೊಂದು ಬರುತ್ತಿತ್ತು.

ಧರ್ಮಪಾಲ ಯಾರನ್ನೂ ಮುಟ್ಟಲಿಲ್ಲ. ಓಡಿ ಎಲ್ಲರನ್ನೂ ಹಾದು, ಟ್ರಕ್ಕಿಗೆ ಎದುರಾಗಿ ನಿಂತು ಕೈಯೆತ್ತಿದ.

ಟ್ರಕ್ಕು ಕಿರುಚಿ ನಿಂತಿತು. ಅದರ ಹಿಂದೆ ಹಾರ್ನುಗಳು ಒಂದಕ್ಕೊಂದು ಸೇರಿಕೊಂಡವು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಅವನ ತಾಯಿಯನ್ನು ಬೈದ. ಬೆನ್ನ ಹಿಂದೆ ಹೆಜ್ಜೆಗಳು ದಾಟುತ್ತಲೇ ಇದ್ದವು, ಮುಗಿಯುವ ಲಕ್ಷಣವಿರಲಿಲ್ಲ. ಒಬ್ಬರಾದರೂ ತಲೆಯೆತ್ತಿದರೋ ಎಂದು ಅವನು ತಿರುಗಿ ನೋಡಲಿಲ್ಲ.

ಟ್ರಕ್ಕು ಇಂಚಿಂಚಾಗಿ ಮುಂದೆ ಸರಿಯಿತು. ಅದರ ಕಾದ ತಗಡು ಅವನ ಅಂಗೈಗೆ ಬಂದು ತಾಗಿತು. ಅವನು ಕೈ ತೆಗೆಯಲಿಲ್ಲ. ಎಂಜಿನ್ನಿನ ನಡುಕ ಅಂಗೈಯಿಂದ ಭುಜಕ್ಕೆ, ಭುಜದಿಂದ ಹಲ್ಲುಗಳಿಗೆ ಏರುತ್ತಿತ್ತು.